ತಂತಿಯಿಲ್ಲದ ಮೌಸ್ ಕೆಟ್ಟಾಗ: ದುರಸ್ತಿಯೋ, ಹೊಸದೋ?

ಪೈರು ಹಳದಿಯಾದ ಕೂಡಲೇ ಯೂರಿಯಾ ಎರಚುವವರುಂಟು. ಹಳದಿಗೆ ಕಾರಣ ಸಾರಜನಕದ ಕೊರತೆ ಇರಬಹುದು, ಕಬ್ಬಿಣದ ಕೊರತೆ ಇರಬಹುದು, ಇಲ್ಲವೇ ಬುಡದಲ್ಲಿ ನೀರು ನಿಂತಿರಬಹುದು. ಕಂಪ್ಯೂಟರಿನ ಮೌಸ್ ವಿಷಯದಲ್ಲಿಯೂ ರೈತ ಬಾಂಧವರು ಹೀಗೆಯೇ ಅವಸರ ಮಾಡುತ್ತಾರೆ. ಬಾಣದ ಗುರುತು ಅಲುಗದಿದ್ದರೆ ಸಾಕು, ಹೊಸ ಮೌಸ್ ಬರುತ್ತದೆ. ಹಳೆಯದರಲ್ಲಿ ಹಲವು ವೇಳೆ ಸೆಲ್ಲು ಮುಗಿದಿರುವುದಷ್ಟೇ ದೋಷ.

ಇಂದು ಪಹಣಿ ತೆಗೆಯುವುದು, ಬೆಳೆ ವಿಮೆಗೆ ಹೆಸರು ನೋಂದಾಯಿಸುವುದು, ಸಂಘದ ಲೆಕ್ಕ ಬರೆಯುವುದು ಎಲ್ಲವೂ ಕಂಪ್ಯೂಟರಿನಲ್ಲಿಯೇ. ವಿಮೆಯ ಕೊನೆಯ ದಿನ ಸಂಜೆ ಮೌಸ್ ನಿಂತುಬಿಟ್ಟರೆ ಆ ಹಂಗಾಮಿನ ರಕ್ಷಣೆಯೇ ತಪ್ಪಿಹೋಗಬಹುದು. ಆದ್ದರಿಂದ ಮೌಸ್ ಇಲ್ಲದೆಯೂ ಕೆಲಸ ಮುಗಿಸುವ ದಾರಿಯನ್ನು ಮೊದಲು ತಿಳಿದಿರಿ. ಲ್ಯಾಪ್‌ಟಾಪ್ ಆದರೆ ಬೆರಳಾಡಿಸುವ ಪಟ್ಟಿ ಇದ್ದೇ ಇರುತ್ತದೆ. ಮೇಜಿನ ಕಂಪ್ಯೂಟರಿನಲ್ಲಿ ವಿಂಡೋಸ್ ಇದ್ದರೆ ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್ ಮತ್ತು ನಮ್ ಲಾಕ್ ಈ ಮೂರು ಗುಂಡಿಗಳನ್ನು ಒಟ್ಟಿಗೆ ಒತ್ತಿ, ತೆರೆಯ ಮೇಲೆ ಬರುವ ಪ್ರಶ್ನೆಗೆ ಎಂಟರ್ ಒತ್ತಿರಿ. ಆಮೇಲೆ ಬಲಗಡೆಯ ಅಂಕಿಗಳೇ ಮೌಸ್ ಆಗುತ್ತವೆ: 8 ಮೇಲಕ್ಕೆ, 2 ಕೆಳಕ್ಕೆ, 4 ಎಡಕ್ಕೆ, 6 ಬಲಕ್ಕೆ, 5 ಒತ್ತಿದರೆ ಕ್ಲಿಕ್. ನಿಧಾನವಾದೀತು, ಆದರೆ ಅರ್ಜಿ ಹೋಗುತ್ತದೆ. ಒಂದು ಚೌಕದಿಂದ ಮತ್ತೊಂದು ಚೌಕಕ್ಕೆ ಹೋಗಲು ಟ್ಯಾಬ್ ಗುಂಡಿ ಸಾಕು.

ದೋಷ ಹುಡುಕುವ ಕ್ರಮ

ಮೊದಲು ಮೌಸಿನ ತಳದಲ್ಲಿರುವ ಸ್ವಿಚ್ಚನ್ನು ಆರಿಸಿ ಮತ್ತೆ ಹಾಕಿರಿ. ನಂತರ ಹೊಸ ಸೆಲ್ಲನ್ನೇ ಹಾಕಿ ನೋಡಿರಿ. ಗೋಡೆ ಗಡಿಯಾರದಿಂದ ಕಿತ್ತ ಸೆಲ್ಲಿನಿಂದ ಪರೀಕ್ಷೆ ಮಾಡಬಾರದು. ಗಡಿಯಾರಕ್ಕೆ ಸಾಕಾಗುವ ಶಕ್ತಿ ಮೌಸಿಗೆ ಸಾಲದೆ ಹೋಗಬಹುದು. ಎರಡು ಸೆಲ್ಲು ಬೇಡುವ ಮೌಸಿನಲ್ಲಿ ಹಳೆಯದು ಹೊಸದು ಬೆರೆಸಕೂಡದು. ತಳದಲ್ಲಿ ಕೆಂಪು ಬೆಳಕು ಕಾಣಲಿಲ್ಲವೆಂದು ಸತ್ತಿತೆಂದು ತಿಳಿಯಬೇಡಿರಿ, ಹಲವು ಮೌಸುಗಳ ಬೆಳಕು ಕಣ್ಣಿಗೆ ಕಾಣದ ಜಾತಿಯದು.

ಸೆಲ್ಲಿನ ಗೂಡಿನಲ್ಲಿ ಬಿಳಿಯ ಅಥವಾ ಹಸಿರು ಹುಡಿ ಕಂಡರೆ ಸೆಲ್ಲು ಸೋರಿದೆ ಎಂದರ್ಥ. ಮಣ್ಣು ಪರೀಕ್ಷೆ ಮಾಡಿಸಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಆಲ್ಕಲೈನ್ ಸೆಲ್ಲಿನಿಂದ ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಹತ್ತಿಯನ್ನು ನಿಂಬೆ ರಸದಲ್ಲಿ ಅಥವಾ ವಿನೆಗರಿನಲ್ಲಿ ತುಸುವೇ ಅದ್ದಿ ಲೋಹದ ಪಟ್ಟಿ ಮತ್ತು ಸ್ಪ್ರಿಂಗನ್ನು ಒರೆಸಿದರೆ ಅದು ಶಮನವಾಗುತ್ತದೆ. ಅಗ್ಗದ ಜಿಂಕ್-ಕಾರ್ಬನ್ ಸೆಲ್ಲಿನ ರಸ ಮಾತ್ರ ಹುಳಿ ಜಾತಿಯದು, ಅದಕ್ಕೆ ಅಡಿಗೆ ಸೋಡಾ ಬೆರೆಸಿದ ನೀರು. ಹುಳಿ ಮಣ್ಣಿಗೆ ಸುಣ್ಣ, ಕ್ಷಾರ ಮಣ್ಣಿಗೆ ಜಿಪ್ಸಂ ಎಂಬ ಹಾಗೆಯೇ ಇದು, ಅದಲುಬದಲಾದರೆ ಪ್ರಯೋಜನವಿಲ್ಲ. ಬಳಿಕ ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಸೆಲ್ಲು ಹಾಕತಕ್ಕದ್ದು. ಆ ಹುಡಿಯನ್ನು ಬರಿಗೈಯಲ್ಲಿ ಮುಟ್ಟಬೇಡಿರಿ, ಕಣ್ಣಿಗೆ ತಾಗಿಸಲೇಬೇಡಿರಿ. ವಾರಗಟ್ಟಲೆ ಬಳಸದೆ ಇಡುವುದಾದರೆ ಸೆಲ್ಲು ತೆಗೆದಿಡುವುದು ಒಳ್ಳೆಯದು.

ಸೆಲ್ಲು ಸರಿಯಿದ್ದೂ ಬಾಣ ತಡವರಿಸಿದರೆ ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರಿಸೀವರನ್ನು ಗಮನಿಸಿರಿ. ಇದು 2.4 ಗಿಗಾಹರ್ಟ್ಸ್ ಅಲೆಗಳಲ್ಲಿ ಕೆಲಸ ಮಾಡುತ್ತದೆ. ವೈ-ಫೈ ಕೂಡ ಅದೇ ಪಟ್ಟೆಯನ್ನು ಬಳಸುತ್ತದೆ. ಯುಎಸ್‌ಬಿ 3.0 ಸಾಧನಗಳು ಹೊರಸೂಸುವ ಗದ್ದಲವೂ ಅಲ್ಲಿಗೇ ಬಂದು ಬೀಳುತ್ತದೆಂದು ಇಂಟೆಲ್ ಕಂಪನಿ 2012ರಲ್ಲಿಯೇ ತೋರಿಸಿಕೊಟ್ಟಿದೆ. ಆದ್ದರಿಂದ ಹೊರಗಿನ ಹಾರ್ಡ್ ಡಿಸ್ಕ್ ಪಕ್ಕದಲ್ಲಿ ಅಥವಾ ತಗಡಿನ ಪೆಟ್ಟಿಗೆಯ ಹಿಂಭಾಗದಲ್ಲಿ ರಿಸೀವರ್ ಸಿಕ್ಕಿಸದೆ, ಮೌಸಿಗೆ ಎದುರಾಗಿ ಮುಂಭಾಗದ ತೂತಿಗೆ ಹಾಕಿರಿ. ನಮ್ಮ ಕಚೇರಿಗಳಲ್ಲಿ ಇಷ್ಟರಿಂದಲೇ ಸರಿಹೋದ ಮೌಸುಗಳು ಕಡಿಮೆಯೇನಲ್ಲ.

ಮೌಸಿನ ತಳದ ಕಣ್ಣು ಮೇಜಿನ ಚಿತ್ರವನ್ನು ಸೆಕೆಂಡಿಗೆ ಸಾವಿರಾರು ಸಲ ತೆಗೆದು ಹೋಲಿಸಿ ಚಲನೆಯನ್ನು ಅಳೆಯುತ್ತದೆ. ಒಂದೇ ಒಂದು ಹತ್ತಿಯ ಎಳೆ, ಒಕ್ಕಣೆಯ ಕಾಲದ ಹೊಟ್ಟಿನ ಧೂಳು ಅಡ್ಡ ಬಂದರೂ ಬಾಣ ನೆಗೆಯುತ್ತದೆ. ಒಣ ಹತ್ತಿಯಿಂದ ಮೆಲ್ಲಗೆ ಒರೆಸಿರಿ. ಗಾಜಿನ ಮೇಜಿನ ಮೇಲೆ ಒಂದು ಕಾಗದ ಹಾಸಿರಿ.

ಇಷ್ಟಾದರೂ ಚಲಿಸದಿದ್ದರೆ ರಿಸೀವರ್ ಸಮೇತ ಬೇರೊಂದು ಕಂಪ್ಯೂಟರಿಗೆ ಹಾಕಿ ನೋಡಿರಿ. ಅಲ್ಲಿ ನಡೆದರೆ ದೋಷ ನಿಮ್ಮ ಕಂಪ್ಯೂಟರಿನದು.

ಬದಲಿಸಬೇಕಾದದ್ದು ಯಾವಾಗ?

ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದಂತಾಗುವುದು ನಿಜವಾದ ಸವೆತ. ಗುಂಡಿಯ ಕೆಳಗಿನ ಸ್ವಿಚ್ಚಿನಲ್ಲಿರುವ ತೆಳು ಲೋಹದ ಪಟ್ಟಿ ಬಿಗಿ ಕಳೆದುಕೊಂಡಿರುತ್ತದೆ, ಇಲ್ಲವೇ ತುದಿಗೆ ಕಿಲುಬು ಹಿಡಿದಿರುತ್ತದೆ. ಬೆಸುಗೆ ಬಲ್ಲ ರಿಪೇರಿಯವರು ಸ್ವಿಚ್ ಬದಲಿಸಬಲ್ಲರು, ಆದರೆ ಅಗ್ಗದ ಮೌಸಿಗೆ ಆ ಕೂಲಿ ಗಿಟ್ಟದು. ಅಲ್ಲಿಯವರೆಗೆ ವಿಂಡೋಸಿನ ಮೌಸ್ ಸೆಟ್ಟಿಂಗಿನಲ್ಲಿ ಎಡಗುಂಡಿಯ ಕೆಲಸವನ್ನು ಬಲಗುಂಡಿಗೆ ವಹಿಸಿ ದಿನ ದೂಡಬಹುದು. ಹಣದ ಲೆಕ್ಕ ಬರೆಯುವ ಸಂಘದಲ್ಲಿ ಮಾತ್ರ ಇಂಥ ಮೌಸನ್ನು ಇಟ್ಟುಕೊಳ್ಳಲೇಬಾರದು.

ರಿಸೀವರ್ ಕಳೆದುಹೋದರೂ ಸಾಮಾನ್ಯವಾಗಿ ಹೊಸ ಮೌಸೇ ಗತಿ. ಲಾಜಿಟೆಕ್ ಕಂಪನಿಯ ಯೂನಿಫೈಯಿಂಗ್‌ನಂಥ ಕೆಲವು ರಿಸೀವರುಗಳಿಗೆ ಮಾತ್ರ ಅದಕ್ಕೆ ಹೊಂದುವ ಬೇರೆ ಮೌಸನ್ನು ಜೋಡಿಸಲು ಬರುತ್ತದೆ.

ಕೊಳ್ಳುವುದಾದರೆ ಒಂದೇ ಮೇಜಿನಲ್ಲಿ ಕೂರುವ ಸಂಘದ ಕಂಪ್ಯೂಟರಿಗೆ ತಂತಿಯ ಮೌಸ್ ಸಾಕೆಂಬುದು ನನ್ನ ಅಭಿಪ್ರಾಯ. ಬೆಲೆ ಕಡಿಮೆ, ಸೆಲ್ಲಿನ ಗೊಡವೆ ಇಲ್ಲ, ಕಳೆಯಲು ರಿಸೀವರೂ ಇಲ್ಲ.

ಹಳೆಯ ಸೆಲ್ಲು, ಮೌಸುಗಳನ್ನು ತಿಪ್ಪೆಗುಂಡಿಗೆ ಎಸೆಯಕೂಡದು. ಅವುಗಳಲ್ಲಿನ ಲೋಹಗಳು ಕೊಳೆಯುವುದಿಲ್ಲ, ಗೊಬ್ಬರದ ಜೊತೆ ಹೊಲ ಸೇರುತ್ತವೆ. ಕಂಪ್ಯೂಟರಿನ ಬಿಡಿ ಸಾಧನಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಿಗೆ ಒಳಪಡುತ್ತವೆ. ಪೇಟೆಗೆ ಹೋದಾಗ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿರಿ. ಅಲ್ಲಿಯವರೆಗೆ ಒಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮಕ್ಕಳ ಕೈಗೆ ಸಿಗದ ಕಡೆ ಇಡಿರಿ.