ರಾಧಾನಗರ ಬೀಚಿಗೆ ಹೋಗೋ ಮುಂಚೆ ಗೊತ್ತಿರಬೇಕಾದ ಮೂರೂವರೆ ವರ್ಷ

ಅಂಡಮಾನಿಗೆ ಹೊರಟಾಗ ನಮ್ಮ ತಲೆಯಲ್ಲಿದ್ದದ್ದು ಎರಡೇ: ಸ್ಕೂಬಾ ಡೈವಿಂಗ್ ಮತ್ತು ರಾಧಾನಗರ ಬೀಚಿನ ಸೂರ್ಯಾಸ್ತ. ಒಂದೇ ಆಫೀಸಿನ ನಾಲ್ವರು, ಐದು ದಿನದ ರಜೆ. ಸೆಲ್ಯುಲರ್ ಜೈಲು ಲಿಸ್ಟಿಗೆ ಸೇರಿದ್ದು ಅಮ್ಮನಿಂದಾಗಿ. "ಅಷ್ಟು ದೂರ ಹೋಗಿ ಕಾಲಾಪಾನಿ ನೋಡದೆ ಬರ್ತೀಯೇನೋ?" ಅಂದಿದ್ದರು.

ಮೊದಲ ದಿನವೇ ಜೈಲು ನೋಡಿದೆವು. ಕೋಣೆಯೊಂದರ ಕಂಬಿ ಹಿಂದೆ ನಿಂತು ನಾನೊಂದು ಸೆಲ್ಫಿ ತೆಗೆದೆ. "ಅಪ್ರೈಸಲ್ ಮುಗಿದ ಮೇಲೆ ನಾನು" ಅಂತ ಬರೆದು ಸ್ಟೇಟಸ್ಸಿಗೂ ಹಾಕಿದೆ. ನಗುವ ಎಮೋಜಿಗಳು ಸಾಲುಸಾಲು ಬಂದವು.

ಮರುದಿನ ದೋಣಿಯಲ್ಲಿ ರಾಸ್ ದ್ವೀಪಕ್ಕೆ ಹೋದೆವು. ಈಗ ಅದರ ಹೆಸರು ನೇತಾಜಿ ಸುಭಾಷ್‌ಚಂದ್ರ ಬೋಸ್ ದ್ವೀಪ್. ಜಿಂಕೆಗಳು, ಬೇರುಗಳು ನುಂಗಿರುವ ಬ್ರಿಟಿಷರ ಬಂಗಲೆಗಳು. ಸಮುದ್ರಕ್ಕೆ ಮುಖ ಮಾಡಿ ಒಂದು ಕಾಂಕ್ರೀಟ್ ಬಂಕರ್. "ಇದು ಬ್ರಿಟಿಷರದ್ದಲ್ಲ, ಜಪಾನಿನವರದ್ದು" ಅಂದ ನಮ್ಮ ಗೈಡ್.

ಜಪಾನ್? ಇಲ್ಲಿಗಾ? ನಾಲ್ವರೂ ಮುಖಮುಖ ನೋಡಿಕೊಂಡೆವು.

"ನಾವು ಪ್ರಿ-42 ಜನ" ಅಂತ ಆತ ಶುರು ಮಾಡಿದ. 1942ಕ್ಕಿಂತ ಮೊದಲೇ ಇಲ್ಲಿ ನೆಲೆಸಿದ್ದ ಕುಟುಂಬಗಳಿಗೆ ಅಂಡಮಾನಿನಲ್ಲಿ ಇಂದಿಗೂ ಅದೇ ಹೆಸರು. ಒಂದು ಇಸವಿಯೇ ಸಮುದಾಯದ ಹೆಸರಾಗಬೇಕಾದರೆ ಆ ವರ್ಷ ಏನಾಗಿರಬೇಕು?

1942ರ ಮಾರ್ಚ್ 23ರಂದು ಜಪಾನಿ ಸೇನೆ ಪೋರ್ಟ್ ಬ್ಲೇರ್‌ನಲ್ಲಿ ಇಳಿಯಿತು. ಬ್ರಿಟಿಷ್ ಪಡೆ ಅಷ್ಟರಲ್ಲಿ ಜಾಗ ಖಾಲಿ ಮಾಡಿತ್ತು, ಹಾಗಾಗಿ ಯುದ್ಧವೇ ನಡೆಯಲಿಲ್ಲ. ಬಂದವರು ಜೈಲಿನ ಕೈದಿಗಳನ್ನು ಬಿಟ್ಟುಬಿಟ್ಟರು. ಬಿಳಿಯರ ಕಾಟ ತಪ್ಪಿತು ಅಂತ ಎಷ್ಟೋ ಜನ ಖುಷಿಪಟ್ಟರು.

ಆ ಖುಷಿ ಒಂದು ವಾರವೂ ಉಳಿಯಲಿಲ್ಲ. ಸೈನಿಕರು ಮನೆಗಳಿಗೆ ನುಗ್ಗಿ ಕೋಳಿ ಹಿಡಿಯತೊಡಗಿದಾಗ ಜುಲ್ಫಿಕರ್ ಅಲಿ ಎಂಬ ಯುವಕ ಏರ್‌ಗನ್ನಿನಿಂದ ಗುಂಡು ಹಾರಿಸಿದ. ಯಾರೂ ಸಾಯಲಿಲ್ಲ. ಆದರೂ ಮನೆಗಳಿಗೆ ಬೆಂಕಿ ಬಿತ್ತು. ಊರಿನವರ ಎದುರೇ ಆತನಿಗೆ ಚಿತ್ರಹಿಂಸೆ ಕೊಟ್ಟು ಗುಂಡಿಟ್ಟು ಕೊಂದರು.

ಆಮೇಲೆ ಶುರುವಾದದ್ದು ಗೂಢಚಾರರ ಬೇಟೆ. ಜಪಾನಿನ ಹಡಗುಗಳು ಮುಳುಗುತ್ತಿದ್ದವು, ಯಾರೋ ಒಳಗಿನವರೇ ಸುದ್ದಿ ಕೊಡುತ್ತಿದ್ದಾರೆ ಅನ್ನುವ ಅನುಮಾನ. ನಿಜಕ್ಕೂ 1943ರಲ್ಲಿ ಬ್ರಿಟಿಷರ ಸಣ್ಣ ತಂಡವೊಂದು ಸಬ್‌ಮರೀನಿನಲ್ಲಿ ಬಂದು ಗುಟ್ಟಾಗಿ ಕಾಡು ಸೇರಿತ್ತು. ಆದರೆ ಸಿಕ್ಕಿಬಿದ್ದವರು ಗುಮಾಸ್ತರು, ವೈದ್ಯರು, ಅಂಗಡಿಯವರು. ಖಾಲಿಯಾಗಿದ್ದ ಅದೇ ಸೆಲ್ಯುಲರ್ ಜೈಲು ಮತ್ತೆ ತುಂಬಿತು.

ಅಲ್ಲಿದ್ದವರಲ್ಲಿ ಡಾ. ದಿವಾನ್ ಸಿಂಗ್ ಒಬ್ಬರು. ವೈದ್ಯರು, ಪಂಜಾಬಿ ಕವಿ, ಇಂಡಿಯನ್ ಇಂಡಿಪೆಂಡೆನ್ಸ್ ಲೀಗಿನ ಸ್ಥಳೀಯ ಮುಖ್ಯಸ್ಥರು. ಅಂದರೆ ಜಪಾನಿನ ಜೊತೆ ನಿಂತಿದ್ದ ಸಂಘಟನೆಯವರೇ! ಜನರ ಪರವಾಗಿ ಮಾತಾಡಿದ್ದೇ ಅವರಿಗೆ ಮುಳುವಾಯಿತು.

1943ರ ಡಿಸೆಂಬರ್ 29ರಂದು ನೇತಾಜಿ ಪೋರ್ಟ್ ಬ್ಲೇರ್‌ಗೆ ಬಂದರು. ಮರುದಿನ ಜಿಮ್ಖಾನಾ ಮೈದಾನದಲ್ಲಿ ತ್ರಿವರ್ಣ ಧ್ವಜ ಹಾರಿಸಿದರು. ದ್ವೀಪಗಳಿಗೆ ಶಹೀದ್, ಸ್ವರಾಜ್ ಎಂಬ ಹೆಸರು ಬಂತು. ಆದರೆ ಆ ಹೊತ್ತಲ್ಲೇ ಜೈಲಿನೊಳಗೆ ದಿವಾನ್ ಸಿಂಗ್ ನರಳುತ್ತಿದ್ದರು. ನೇತಾಜಿಗೆ ಇದ್ಯಾವುದೂ ತಿಳಿಯದಂತೆ ಜಪಾನಿ ಅಧಿಕಾರಿಗಳು ಸುತ್ತುವರಿದಿದ್ದರು. 1944ರ ಜನವರಿ 14ರಂದು ದಿವಾನ್ ಸಿಂಗ್ ಜೈಲಿನಲ್ಲೇ ತೀರಿಕೊಂಡರು. ಧ್ವಜ ಹಾರಿ ಹದಿನೈದು ದಿನವಷ್ಟೇ ಆಗಿತ್ತು. ಜನವರಿ 30ರಂದು ಹಂಫ್ರಿಗಂಜ್‌ನಲ್ಲಿ 44 ಮಂದಿಯನ್ನು ಗೂಢಚಾರರೆಂದು ಗುಂಡಿಟ್ಟು ಕೊಂದರು. ಅಲ್ಲೀಗ ಒಂದು ಸ್ಮಾರಕವಿದೆ.

ಗೈಡ್ ಒಂದು ಮಾತು ಹೇಳಿದ: "ನಮ್ಮಜ್ಜಿ ಇರೋವರೆಗೂ ಮನೆಯೊಳಗೆ ಗೆಣಸು ತರೋ ಹಾಗಿರಲಿಲ್ಲ. ಒಂದು ಜನ್ಮಕ್ಕಾಗುವಷ್ಟು ಆಗಲೇ ತಿಂದಾಗಿದೆ ಅನ್ನೋಳು. ಅದಕ್ಕಿಂತ ಹೆಚ್ಚು ಏನೂ ಹೇಳ್ತಿರಲಿಲ್ಲ."

ಆ ರಾತ್ರಿ ಹೋಟೆಲಿನಲ್ಲಿ ಸ್ಟೇಟಸ್ ತೆರೆದು ಸೆಲ್ಫಿ ಡಿಲೀಟ್ ಮಾಡಿದೆ. ಯಾರೂ ಮಾಡು ಅಂದಿರಲಿಲ್ಲ. ಆ ಕಂಬಿ ಹಿಂದೆ ನಿಂತು ನಗುತ್ತಿದ್ದ ನನ್ನ ಮುಖ ನನಗೇ ನೋಡೋಕಾಗಲಿಲ್ಲ.

ಮೂರನೇ ದಿನ ಫೆರ್ರಿ ಹತ್ತಿ ಹ್ಯಾವ್‌ಲಾಕ್‌ಗೆ ಹೊರಟೆವು. 2018ರಿಂದ ಅದರ ಹೆಸರು ಸ್ವರಾಜ್ ದ್ವೀಪ್. 1945ರ ಆಗಸ್ಟ್‌ನಲ್ಲಿ ಜಪಾನ್ ಸೋಲುವ ಅಂಚಿನಲ್ಲಿತ್ತು, ಪೋರ್ಟ್ ಬ್ಲೇರ್‌ನಲ್ಲಿ ಅನ್ನಕ್ಕೆ ತತ್ವಾರ. ಊಟದ ಬಾಯಿಗಳು ಕಡಿಮೆಯಾಗಲಿ ಅಂತ, ಬೇಸಾಯ ಮಾಡಿಸುತ್ತೇವೆಂದು ನಂಬಿಸಿ ನೂರಾರು ಜನರನ್ನು ದೋಣಿಗಳಲ್ಲಿ ತುಂಬಿ ಇದೇ ಹ್ಯಾವ್‌ಲಾಕ್ ಕಡೆಗೆ ಒಯ್ದರು. ದಡ ಸೇರುವ ಮೊದಲೇ ಕತ್ತಲಲ್ಲಿ ನೀರಿಗೆ ತಳ್ಳಿದರು. ಹೆಚ್ಚಿನವರು ಮುಳುಗಿದರು, ಈಜಿ ದಡ ಸೇರಿದವರಲ್ಲೂ ಬಹುತೇಕರು ಹಸಿವಿನಿಂದ ಸತ್ತರು. ಅಕ್ಟೋಬರ್‌ನಲ್ಲಿ ಜಪಾನಿ ಸೇನೆ ಪೋರ್ಟ್ ಬ್ಲೇರ್‌ನಲ್ಲಿ ಶರಣಾಯಿತು. ಅವರ ಪಾಲಿಗೆ ಎರಡು ತಿಂಗಳು ತಡವಾಗಿತ್ತು.

ಫೆರ್ರಿಯ ಕಿಟಕಿಯಿಂದ ಕಾಣುತ್ತಿದ್ದ ನೀಲಿಯನ್ನು ನಾವು ನಾಲ್ವರೂ ಸುಮ್ಮನೆ ನೋಡುತ್ತಾ ಕೂತೆವು.

ಅಂದು ಸಂಜೆ ರಾಧಾನಗರದಲ್ಲಿ ಸೂರ್ಯಾಸ್ತ ನೋಡಿದೆವು. ಚೆನ್ನಾಗಿತ್ತು, ಸುಳ್ಳು ಹೇಳಲಾರೆ. ಫೋಟೋನೂ ತೆಗೆದೆವು. ನೀವೂ ಹೋಗಿ, ಡೈವಿಂಗ್ ಮಾಡಿ. ಅರ್ಧ ದಿನ ಮಾತ್ರ ಹಂಫ್ರಿಗಂಜ್‌ಗೆ ಎತ್ತಿಡಿ. ನಮಗೆ ಹಿಂದಿರುಗುವ ದಿನ ಎರಡು ಗಂಟೆ ಸಿಕ್ಕಿತ್ತು, ಹೋಗಿಬಂದೆವು.

ಮನೆಗೆ ಬಂದಾಗ ಅಮ್ಮ "ಜೈಲು ನೋಡಿದ್ಯಾ?" ಅಂತ ಕೇಳಿದರು. "ಎರಡು ಜೈಲು ನೋಡಿದೆ ಅಮ್ಮ, ಒಂದೇ ಕಟ್ಟಡದಲ್ಲಿ" ಅಂದೆ. ಕಾಫಿ ಲೋಟ ಕೆಳಗಿಟ್ಟು, ಪಕ್ಕದಲ್ಲಿ ಕೂತರು. ಎಲ್ಲಾ ಹೇಳಿದೆ.