ಹೆಸರು ಒಂದೇ, ಒಳಗಿನ ಕಟ್ಟಡ ಬೇರೆ

ನಾವು ಊರಿಗೆ ಕಳಿಸುವ ಹಣದ ಲೆಕ್ಕ ಕೂರುವುದು ಬ್ಯಾಂಕಿನ ಡೇಟಾಬೇಸಿನಲ್ಲಿ. ಹಲವು ದೊಡ್ಡ ಬ್ಯಾಂಕುಗಳಲ್ಲಿ ಅದು ಇಂದಿಗೂ ಮೇನ್‌ಫ್ರೇಮಿನ ಮೇಲಿದೆ. ನಮ್ಮಲ್ಲಿ ಐಟಿ ಕೆಲಸದಲ್ಲಿರುವವರ ಕಿವಿಗೆ ಆಗಾಗ ಬೀಳುವ ಮಾತು: “ಲಿನಕ್ಸ್‌ಗೆ ಸಾಗಿಸಿಬಿಡಿ, ಎರಡೂ ಕಡೆ ಡಿಬಿ2 ತಾನೇ?”

ಐಬಿಎಂ 1983ರಲ್ಲಿ ಡಿಬಿ2 ತಂದದ್ದು ಮೇನ್‌ಫ್ರೇಮಿಗೆಂದೇ. ಲಿನಕ್ಸ್, ವಿಂಡೋಸ್‌ನದು ಬೇರೆಯಾಗಿ ಬರೆದ ಸಾಫ್ಟ್‌ವೇರ್. ಎಸ್‌ಕ್ಯೂಎಲ್ ಬಹುಪಾಲು ಒಂದೇ, ಆದರೆ ‘ಡೇಟಾಬೇಸ್’ ಎಂಬ ಪದದ ಅರ್ಥವೇ ಬೇರೆ. ಮೇನ್‌ಫ್ರೇಮಿನಲ್ಲಿ ಇಡೀ ಸಬ್‌ಸಿಸ್ಟಮ್‌ಗೆ ಒಂದೇ ಕ್ಯಾಟಲಾಗ್, ಒಂದೇ ಲಾಗ್. ಅದರೊಳಗಿನ ಡೇಟಾಬೇಸ್ ಎಂದರೆ ಟೇಬಲ್‌ಗಳ ಒಂದು ಗುಂಪು, ಅಷ್ಟೆ. ಒಂದು ಕ್ವೆರಿ ಎರಡು ಗುಂಪುಗಳನ್ನು ಸಲೀಸಾಗಿ ಜೋಡಿಸುತ್ತದೆ. ಲಿನಕ್ಸ್‌ನಲ್ಲಿ ಪ್ರತಿ ಡೇಟಾಬೇಸಿಗೂ ತನ್ನದೇ ಕ್ಯಾಟಲಾಗ್, ತನ್ನದೇ ಲಾಗ್. ಹೆಸರು ನೋಡಿ ಅಲ್ಲೂ ಎರಡು ಡೇಟಾಬೇಸ್ ಮಾಡಿದರೆ ಆ ಕ್ವೆರಿ ಹಾಗೆಯೇ ಓಡುವುದಿಲ್ಲ. ಒಂದೇ ಡೇಟಾಬೇಸಿನಲ್ಲಿ ಎರಡು ಸ್ಕೀಮಾ ಇಡುವುದೇ ಲೇಸು.

ಯಂತ್ರ ಕೆಟ್ಟಾಗ? ಮೇನ್‌ಫ್ರೇಮಿನ ಡೇಟಾ ಶೇರಿಂಗ್‌ನಲ್ಲಿ 32 ಡಿಬಿ2ಗಳವರೆಗೆ ಅದೇ ಡಿಸ್ಕುಗಳನ್ನು ಹಂಚಿಕೊಳ್ಳುತ್ತವೆ. ಒಂದು ಬಿದ್ದರೂ ಉಳಿದವು ಕೆಲಸ ನಡೆಸುತ್ತವೆ. ಲಿನಕ್ಸ್‌ಗೆ ಇಂಥದ್ದೇ ಪ್ಯೂರ್‌ಸ್ಕೇಲ್ ಆಮೇಲೆ ಬಂತು, ಆದರೆ ಅದನ್ನು ಬೇಕೆಂದೇ ಹಾಕಿಸಬೇಕು.

ನಮಗೆ ಹೆಚ್ಚು ಭಯ ಇನ್ನೊಂದರದು. ಮೇನ್‌ಫ್ರೇಮಿನ ಎಬ್ಸಿಡಿಕ್‌ನಲ್ಲಿ ಅಕ್ಷರಗಳಾದ ಮೇಲೆ ಅಂಕಿ. ಆಸ್ಕಿಯಲ್ಲಿ ಅಂಕಿ ಮೊದಲು. ಅಕ್ಷರ, ಅಂಕಿ ಬೆರೆತ ಖಾತೆ ಸಂಖ್ಯೆಗಳ ಕ್ರಮವೇ ಬದಲಾಗುತ್ತದೆ. ಒಂದು ಫೈಲ್ ಹಳೆಯ ಕ್ರಮದ್ದು, ಇನ್ನೊಂದು ಹೊಸದು ಎಂದಾದರೆ, ಅವೆರಡನ್ನು ಹೊಂದಿಸುವ ಕೋಬಾಲ್ ಪ್ರೋಗ್ರಾಂ ಸದ್ದಿಲ್ಲದೆ ಕೆಲವು ಖಾತೆಗಳನ್ನು ದಾಟಿಹೋಗಬಹುದು. ಸಾಗಿಸುವ ಮೊದಲು ಇದನ್ನೇ ಪರೀಕ್ಷಿಸಿ ಎನ್ನುತ್ತೇವೆ.