ಕೃತಕ ಗರ್ಭಧಾರಣೆ ಸೇವೆ: ಬಾಯಿಮಾತು ಸಾಲದು, ಬರೆದಿಟ್ಟ ಕ್ರಮ ಬೇಕು



"ಡಾಕ್ಟ್ರೇ, ಮೂರು ಸಲ ಕ್ರಾಸ್ ಮಾಡಿಸಿದೆ. ಆಕಳು ಗಬ್ಬ ನಿಲ್ಲವಲ್ದು. ಮಾರಿಬಿಡ್ಲೇನು?"

ದಾವಣಗೆರೆ, ಹರಿಹರ ತಾಲ್ಲೂಕುಗಳ ಸಂಘಗಳಿಗೆ ಭೇಟಿ ಕೊಟ್ಟಾಗ ನಾನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. ಇಂಥ ಸಮಯದಲ್ಲಿ ನಮ್ಮ ಮೊದಲ ಅನುಮಾನ ಆಕಳ ಮೇಲೆ, ಎರಡನೆಯ ಅನುಮಾನ ಕೃತಕ ಗರ್ಭಧಾರಣೆ ಕಾರ್ಯಕರ್ತನ ಮೇಲೆ. ಆದರೆ ಆಕಳೂ ಸರಿಯಿದ್ದು, ಕಾರ್ಯಕರ್ತನ ಕೈಯೂ ಸರಿಯಿದ್ದು, ಸೇವೆ ನಡೆಯುವ ಕ್ರಮದಲ್ಲೇ ಲೋಪವಿದ್ದರೆ ಆಗಲೂ ಗರ್ಭ ನಿಲ್ಲುವುದಿಲ್ಲ. ಆ ಲೋಪವನ್ನು ಸಂಘದ ಮಟ್ಟದಲ್ಲೇ, ಹೆಚ್ಚು ಖರ್ಚಿಲ್ಲದೆ ಸರಿಪಡಿಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಒಂದು ಸಂಘದಲ್ಲಿ ನಡೆದದ್ದು

ಕೆಲವು ವರ್ಷಗಳ ಹಿಂದಿನ ಮಾತು. ಊರಿನ ಹೆಸರು ಬೇಡ. ಆ ಸಂಘದ ಕಾರ್ಯಕರ್ತ ಒಳ್ಳೆಯ ಕೆಲಸಗಾರ. ಅವನ ತಂದೆಗೆ ಕಾಯಿಲೆಯಾಗಿ ಹತ್ತು ದಿನ ಆಸ್ಪತ್ರೆಯಲ್ಲಿ ಉಳಿಯಬೇಕಾಯಿತು. ದ್ರವ ಸಾರಜನಕ ತರುವ ವಾಹನ ಗೊತ್ತಾದ ದಿನ ಬಂತು. ಕೋಣೆಗೆ ಬೀಗ ಹಾಕಿತ್ತು, ವಾಹನ ಹಿಂದಕ್ಕೆ ಹೋಯಿತು. ಕಾರ್ಯದರ್ಶಿಯವರು "ಅವನು ಹೇಳಿ ಹೋಗಿರುತ್ತಾನೆ" ಎಂದುಕೊಂಡರು. ಅವನು "ಅವರು ನೋಡಿಕೊಳ್ಳುತ್ತಾರೆ" ಎಂದುಕೊಂಡ. ಜಾಡಿ ಒಣಗಿತು. ಮುಂದಿನ ಸರದಿಯಲ್ಲಿ ಯಾರೋ ಬೀಗ ತೆಗೆಸಿ ತುಂಬಿಸಿದರು. ಕಾರ್ಯಕರ್ತ ಬಂದು ನೋಡಿದಾಗ ಜಾಡಿ ತುಂಬಿತ್ತು. ಮಧ್ಯೆ ಒಣಗಿತ್ತೆಂದು ಅವನಿಗೆ ಹೇಳಿದವರಿಲ್ಲ, ಬರೆದಿಟ್ಟ ಪುಸ್ತಕವೂ ಇರಲಿಲ್ಲ. ಅವೇ ವೀರ್ಯ ನಳಿಕೆಗಳನ್ನು ಬಳಸಿದ.

ಮುಂದಿನ ತಿಂಗಳು ಅವನು ಗರ್ಭಧಾರಣೆ ಮಾಡಿದ ರಾಸುಗಳೆಲ್ಲ ಒಂದೊಂದಾಗಿ ಬೆದೆಗೆ ತಿರುಗಿದವು. ಜಗಳವಾಯಿತು. ಹಾಲಿನ ಹಣದಲ್ಲೇ ಮಕ್ಕಳನ್ನು ಓದಿಸುತ್ತಿದ್ದ ಒಬ್ಬ ತಾಯಿ ಅಷ್ಟರಲ್ಲಿ ತನ್ನ ಆಕಳನ್ನು ಸಂತೆಯಲ್ಲಿ ಸಿಕ್ಕಷ್ಟು ಬೆಲೆಗೆ ಮಾರಿದ್ದರು. ನಾನು ನಳಿಕೆಯೊಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಒಂದು ವೀರ್ಯಾಣುವೂ ಅಲುಗುತ್ತಿರಲಿಲ್ಲ. ಆ ಆಕಳಲ್ಲಿ ಯಾವ ದೋಷವೂ ಇರಲಿಲ್ಲ.

ಈ ತಪ್ಪಿನಲ್ಲಿ ನನ್ನ ಪಾಲೂ ಇದೆ. ಸಾರಜನಕದ ಮಟ್ಟ ನೋಡಬೇಕೆಂದು ನಾನು ಆ ಸಂಘದಲ್ಲಿ ಬಾಯಿಮಾತಿನಲ್ಲಿ ಹೇಳಿದ್ದೆ. ಯಾರು ನೋಡಬೇಕು, ಯಾವ ದಿನ ನೋಡಬೇಕು, ಅವರಿಲ್ಲದಿದ್ದರೆ ಯಾರು ಎಂಬುದನ್ನು ಬರೆಸಿರಲಿಲ್ಲ.

ಕಾರ್ಯವಿಧಾನ ಎಂದರೇನು?

ಒಂದು ಕೆಲಸವನ್ನು ಯಾರು, ಯಾವಾಗ, ಯಾವ ಕ್ರಮದಲ್ಲಿ ಮಾಡಬೇಕು, ಅಡ್ಡಿ ಬಂದರೆ ಏನು ಮಾಡಬೇಕು ಎಂದು ಬರೆದಿಟ್ಟ ಹಾಳೆಯೇ ಕಾರ್ಯವಿಧಾನ. ಇದು ನಮಗೆ ಹೊಸದಲ್ಲ. ಗರ್ಬರ್ ವಿಧಾನದಲ್ಲಿ ಜಿಡ್ಡಿನ ಪರೀಕ್ಷೆ ಮಾಡುವುದನ್ನು ನೀವು ನೋಡಿದ್ದೀರಿ. ಮೊದಲು ಗಂಧಕಾಮ್ಲ 10 ಮಿ.ಲೀ., ಆಮೇಲೆ ಹಾಲು 10.75 ಮಿ.ಲೀ., ಕೊನೆಗೆ ಅಮೈಲ್ ಆಲ್ಕೋಹಾಲ್ 1 ಮಿ.ಲೀ. ಪರೀಕ್ಷಕ ಬದಲಾದರೂ ಈ ಅಳತೆ, ಈ ಕ್ರಮ ಬದಲಾಗುವುದಿಲ್ಲ. ಆದ್ದರಿಂದಲೇ ಫಲಿತಾಂಶವನ್ನು ನಾವು ನಂಬುತ್ತೇವೆ.

ಹರಿಹರದಲ್ಲಿ 1941ರಲ್ಲಿ ಆರಂಭವಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈಗ ಇಲ್ಲ. ಆದರೆ ಅಲ್ಲಿ ಲೇತ್ ಯಂತ್ರ ತಯಾರಿಸಿದ ಹಿರಿಯರು ಸುತ್ತಲಿನ ಹಳ್ಳಿಗಳಲ್ಲಿದ್ದಾರೆ, ಅವರನ್ನು ಕೇಳಿ. ಹಗಲು ಪಾಳಿಯವರು ಮಾಡಿದ ಭಾಗ ರಾತ್ರಿ ಪಾಳಿಯವರು ಮಾಡಿದ ಭಾಗಕ್ಕೆ ಸರಿಯಾಗಿ ಕೂಡಬೇಕಾದರೆ ನಕ್ಷೆಯೂ ಅಳತೆಯೂ ಕಾಗದದ ಮೇಲೆ ಇರಲೇಬೇಕು.

ಕೃತಕ ಗರ್ಭಧಾರಣೆಯ ಮಟ್ಟಿಗೆ ಕರ್ನಾಟಕಕ್ಕೆ ದೊಡ್ಡ ಹೆಸರಿದೆ. ಭಾರತದಲ್ಲಿ ಮೊದಲು ಇದನ್ನು ಮಾಡಿದ್ದು 1939ರಲ್ಲಿ, ಮೈಸೂರಿನ ಅರಮನೆ ಡೇರಿ ಫಾರಂನಲ್ಲಿ, ಡಾ. ಸಂಪತ್ ಕುಮಾರನ್ ಅವರು. ಗ್ಲಿಸರಿನ್ ಬಳಸಿ ವೀರ್ಯವನ್ನು ಘನೀಕರಿಸಿ ಇಡಬಹುದೆಂದು ಇಂಗ್ಲೆಂಡಿನ ಪೋಲ್ಜ್ ಮತ್ತು ಸಂಗಡಿಗರು 1949ರಲ್ಲಿ ತೋರಿಸಿಕೊಟ್ಟರು. ಹೋರಿಯ ಆಯ್ಕೆಯಿಂದ ನಳಿಕೆ ತುಂಬುವವರೆಗೆ ವೀರ್ಯ ಕೇಂದ್ರಗಳು ಪಾಲಿಸಬೇಕಾದ ಕನಿಷ್ಠ ಗುಣಮಟ್ಟದ ನಿಯಮಗಳನ್ನು ಕೇಂದ್ರ ಸರ್ಕಾರ 2004ರಲ್ಲಿ ರೂಪಿಸಿತು. ಹೆಸರಘಟ್ಟದಂಥ ಕಡೆ ಇಷ್ಟು ಕಟ್ಟುನಿಟ್ಟಾಗಿ ತಯಾರಾದ ನಳಿಕೆ ನಮ್ಮ ಊರಿನ ಕೋಣೆಗೆ ಬಂದ ಮೇಲೆ, ಅದರ ಜೀವ ಒಬ್ಬ ವ್ಯಕ್ತಿಯ ನೆನಪಿನ ಮೇಲೆ ನಿಲ್ಲಬಾರದು.

ಬರೆಯುವವರು ಯಾರು?

ನಾನು ಬರೆದು ಕಳಿಸಿದರೆ ಅದು ಕಡತದಲ್ಲಿ ಉಳಿಯುತ್ತದೆ. ಕಾರ್ಯದರ್ಶಿ, ಕಾರ್ಯಕರ್ತ, ಆಡಳಿತ ಮಂಡಳಿಯ ಒಬ್ಬ ಸದಸ್ಯರು, ದಿನವೂ ಕೊಟ್ಟಿಗೆ ನೋಡಿಕೊಳ್ಳುವ ಇಬ್ಬರು ಮಹಿಳೆಯರು, ಇಷ್ಟು ಜನ ಒಂದು ಮಧ್ಯಾಹ್ನ ಕೂಡಬೇಕು. ಮೊದಲು, ಈಗ ಕೆಲಸ ಹೇಗೆ ನಡೆಯುತ್ತಿದೆ ಎಂಬುದನ್ನು ಇದ್ದದ್ದು ಇದ್ದಂತೆ ಬರೆಯಿರಿ. ಕರೆ ಯಾರಿಗೆ ಹೋಗುತ್ತದೆ, ಅವನು ಎಷ್ಟು ಹೊತ್ತಿಗೆ ಬರುತ್ತಾನೆ, ಎಲ್ಲಿ ಬರೆಯುತ್ತಾನೆ. ಎಲ್ಲೆಲ್ಲಿ "ಯಾರೋ ನೋಡ್ತಾರೆ" ಎಂಬ ಉತ್ತರ ಬರುತ್ತದೋ ಅಲ್ಲೇ ಲೋಪವಿದೆ ಎಂದು ತಿಳಿಯಿರಿ. ಅಲ್ಲಿ ಒಬ್ಬರ ಹೆಸರನ್ನೂ, ಅವರಿಲ್ಲದಿದ್ದಾಗ ನೋಡುವ ಇನ್ನೊಬ್ಬರ ಹೆಸರನ್ನೂ ಬರೆಯಿರಿ.

ಮನೆಮಾತಿನಲ್ಲಿ, ಒಂದೇ ಹಾಳೆಯಲ್ಲಿ, ದಪ್ಪ ಅಕ್ಷರದಲ್ಲಿ ಇರಲಿ. ತಾಂತ್ರಿಕ ಅಂಶಗಳನ್ನು ಪಶುವೈದ್ಯರಿಂದ ಪರಿಶೀಲಿಸಿಕೊಂಡು, ಒಂದು ತಿಂಗಳು ಹಾಗೇ ನಡೆಸಿ ನೋಡಿ. ಪಾಲಿಸಲಾಗದ ಮಾತಿದ್ದರೆ ತಿದ್ದಿ. ಆಮೇಲೆ ಆಡಳಿತ ಮಂಡಳಿಯಲ್ಲಿ ಠರಾವು ಮಾಡಿ, ಹಾಲು ಅಳೆಯುವ ಜಾಗದಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಿ.

ಹಾಳೆಯಲ್ಲಿ ಏನೇನಿರಬೇಕು?

1. ಸಾರಜನಕ: ದ್ರವ ಸಾರಜನಕದ ಉಷ್ಣತೆ ಶೂನ್ಯಕ್ಕಿಂತ 196 ಡಿಗ್ರಿ ಸೆಂಟಿಗ್ರೇಡ್ ಕೆಳಗೆ. ಜಾಡಿಯನ್ನು ಮುಟ್ಟದಿದ್ದರೂ ಅದು ದಿನವೂ ಆವಿಯಾಗುತ್ತಿರುತ್ತದೆ. ವಾರದಲ್ಲಿ ಗೊತ್ತಾದ ಒಂದು ದಿನ ಅಳತೆಕೋಲು ಇಳಿಸಿ, ಹೊರತೆಗೆದಾಗ ಹಿಮ ಕಟ್ಟಿದ ಗುರುತಿನಿಂದ ಮಟ್ಟ ನೋಡಿ ಪುಸ್ತಕದಲ್ಲಿ ಬರೆದು ಸಹಿ ಮಾಡಬೇಕು. ಪಶುವೈದ್ಯರು ಗುರುತಿಸಿಕೊಟ್ಟ ಕನಿಷ್ಠ ಮಟ್ಟ ಸಮೀಪಿಸಿದರೆ ಅಂದೇ ಫೋನ್ ಮಾಡಬೇಕು. ಒಮ್ಮೆ ಜಾಡಿ ಒಣಗಿದರೆ ಅದರಲ್ಲಿದ್ದ ನಳಿಕೆಗಳನ್ನೆಲ್ಲ ನಾಶಪಡಿಸಬೇಕು. ಮತ್ತೆ ಸಾರಜನಕ ತುಂಬಿದರೆ ಸತ್ತ ವೀರ್ಯಾಣು ಬದುಕುವುದಿಲ್ಲ, ಸತ್ತದ್ದು ಕಣ್ಣಿಗೆ ಕಾಣುವುದೂ ಇಲ್ಲ.

2. ಕರೆ ಬಂದಾಗ: ಬೆದೆ ಮೊದಲು ಕಂಡದ್ದು ಎಷ್ಟು ಹೊತ್ತಿಗೆ ಎಂದು ಕೇಳಿ ಬರೆದುಕೊಳ್ಳಬೇಕು. ಬೆಳಿಗ್ಗೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ. ಬೆದೆ ಮುಗಿದು ಸುಮಾರು 10ರಿಂದ 14 ಗಂಟೆಯ ನಂತರ ಅಂಡ ಬಿಡುಗಡೆಯಾಗುತ್ತದೆ, ಅದರ ಆಯುಷ್ಯ ಕೆಲವೇ ಗಂಟೆಗಳು. ಆದ್ದರಿಂದ ಬೇಗ ಮಾಡಿದರೂ ನಷ್ಟ, ತಡ ಮಾಡಿದರೂ ನಷ್ಟ.

3. ಕೈ ಹಾಕುವ ಮೊದಲು: ಆ ರಾಸಿನ ಕಾರ್ಡ್ ನೋಡಲೇಬೇಕು. ಗಬ್ಬವಿರುವ ಕೆಲವು ಆಕಳುಗಳೂ ಬೆದೆಯ ಲಕ್ಷಣ ತೋರಿಸುವುದುಂಟು. ಹಿಂದಿನ ದಾಖಲೆ ನೋಡದೆ, ಪರೀಕ್ಷೆ ಮಾಡದೆ ಗರ್ಭಕೋಶದೊಳಕ್ಕೆ ಸಾಧನ ತೂರಿಸಿದರೆ ಇದ್ದ ಗರ್ಭವೇ ಹೋಗಬಹುದು. ಲೋಳೆ ಗಾಜಿನಂತೆ ತಿಳಿಯಾಗಿರಬೇಕು. ಕೀವು ಅಥವಾ ದುರ್ವಾಸನೆ ಇದ್ದರೆ ಗರ್ಭಧಾರಣೆ ಮಾಡದೆ ಪಶುವೈದ್ಯರಿಗೆ ತಿಳಿಸಬೇಕು. ಕರು ಹಾಕಿ 60 ದಿನ ತುಂಬಿದೆಯೇ ಎಂಬುದನ್ನೂ ನೋಡಬೇಕು.

4. ನಳಿಕೆ ಕರಗಿಸುವುದು: 37 ಡಿಗ್ರಿ ಸೆಂಟಿಗ್ರೇಡ್ ನೀರಿನಲ್ಲಿ 30 ಸೆಕೆಂಡು. ನೀರಿನ ಬಿಸಿಯನ್ನು ಥರ್ಮಾಮೀಟರಿನಿಂದಲೇ ನೋಡಬೇಕು, ಬೆರಳಿನಿಂದಲ್ಲ. ನಳಿಕೆಯನ್ನು ಒರೆಸಿ ಒಣಗಿಸಿ, ತಡಮಾಡದೆ ಬಳಸಬೇಕು. ಜೇಬಿನಲ್ಲಿಟ್ಟುಕೊಂಡು ಇನ್ನೊಂದು ಓಣಿಗೆ ಹೋಗುವುದು ಸಲ್ಲದು. ಪ್ರತಿ ರಾಸಿಗೂ ಹೊಸ ಹೊದಿಕೆ ಕೊಳವೆ, ಹೊಸ ಕೈಗವಸು.

5. ಬರೆಯುವುದು: ದಿನಾಂಕ, ವೇಳೆ, ಕಿವಿಯೋಲೆಯ 12 ಅಂಕಿಗಳ ಸಂಖ್ಯೆ, ನಳಿಕೆಯ ಮೇಲಿರುವ ಹೋರಿಯ ಸಂಖ್ಯೆ. ಇವು ಸಂಘದ ಪುಸ್ತಕದಲ್ಲೂ ಸದಸ್ಯರ ಕಾರ್ಡಿನಲ್ಲೂ ಇರಬೇಕು. ಹೋರಿಯ ಸಂಖ್ಯೆ ಬರೆಯದಿದ್ದರೆ ಮುಂದೆ ಮಗಳಿಗೆ ತಂದೆಯ ವೀರ್ಯವನ್ನೇ ಕೊಟ್ಟು ತಳಿ ಕೆಡುತ್ತದೆ.

6. ಹಿಂಬಾಲಿಸುವುದು: 18ರಿಂದ 24ನೇ ದಿನದವರೆಗೆ ಬೆದೆ ತಿರುಗಿತೇ ಎಂದು ವಿಚಾರಿಸಬೇಕು. ತಿರುಗದಿದ್ದರೆ 60ರಿಂದ 90 ದಿನದೊಳಗೆ ಗರ್ಭ ಪರೀಕ್ಷೆ. ಮೂರು ಸಲ ತಿರುಗಿದರೆ ನಾಲ್ಕನೆಯ ನಳಿಕೆ ಬೇಡ, ಪಶುವೈದ್ಯರ ಪರೀಕ್ಷೆ ಆಗಬೇಕು. ಒಂದೇ ತಿಂಗಳಲ್ಲಿ ಬೇರೆ ಬೇರೆ ಮನೆಯ ಹಲವು ರಾಸುಗಳು ತಿರುಗಿದರೆ ಮೊದಲು ಜಾಡಿಯನ್ನೂ ನಳಿಕೆಗಳನ್ನೂ ಪರೀಕ್ಷಿಸಬೇಕು.

7. ಕಾರ್ಯಕರ್ತ ಇಲ್ಲದಾಗ: ಪಕ್ಕದ ಯಾವ ಊರಿನ ಕಾರ್ಯಕರ್ತರು ಬರುತ್ತಾರೆ, ಅವರ ಫೋನ್ ಸಂಖ್ಯೆ ಏನು, ಕೋಣೆಯ ಇನ್ನೊಂದು ಕೀಲಿ ಯಾರ ಬಳಿ ಇದೆ. ಈ ಮೂರು ಸಾಲುಗಳಿದ್ದಿದ್ದರೆ ಮೇಲೆ ಹೇಳಿದ ತಾಯಿಯ ಆಕಳು ಇಂದಿಗೂ ಅವರ ಕೊಟ್ಟಿಗೆಯಲ್ಲೇ ಇರುತ್ತಿತ್ತೇನೋ.

ಸದಸ್ಯರ ಪಾಲು

ಹಾಳೆಯ ಕೊನೆಯಲ್ಲಿ ಸದಸ್ಯರ ಕರ್ತವ್ಯವನ್ನೂ ಬರೆಯಬೇಕು. ಬೆದೆಯನ್ನು ಮೊದಲು ಕಾಣಬೇಕಾದವರು ನೀವು. ಬೆಳಿಗ್ಗೆ ಹಾಲು ಕರೆಯುವ ಮುನ್ನ, ರಾತ್ರಿ ಮಲಗುವ ಮುನ್ನ ರಾಸನ್ನು ಒಮ್ಮೆ ನೋಡಿ. ಒದರುವುದು, ಬೇರೆ ರಾಸು ಹತ್ತಿದಾಗ ಸುಮ್ಮನೆ ನಿಲ್ಲುವುದು, ಲೋಳೆ ಸೋರುವುದು, ಪದೇ ಪದೇ ಗಂಜಲ ಹೊಯ್ಯುವುದು, ಹಾಲು ತಗ್ಗುವುದು ಇವು ಲಕ್ಷಣಗಳು. ಎಮ್ಮೆಗಳಲ್ಲಿ ಮೂಕ ಬೆದೆ ಹೆಚ್ಚು, ಆದ್ದರಿಂದ ರಾತ್ರಿ ಮತ್ತು ನಸುಕಿನಲ್ಲಿ ಇನ್ನೂ ಎಚ್ಚರದಿಂದ ನೋಡಬೇಕು. ಬಾಲಕ್ಕೆ ರಕ್ತ ಮಿಶ್ರಿತ ಲೋಳೆ ಅಂಟಿದ್ದರೆ ಸಾಮಾನ್ಯವಾಗಿ ಬೆದೆ ಮುಗಿದುಹೋಗಿದೆ ಎಂದರ್ಥ. ಆಗ ಒತ್ತಾಯದಿಂದ ಗರ್ಭಧಾರಣೆ ಮಾಡಿಸದೆ, ದಿನಾಂಕ ಬರೆದಿಟ್ಟು 17ನೇ ದಿನದಿಂದ ಮತ್ತೆ ಗಮನಿಸಿ.

"ಈಗಲೇ ಮಾಡು, ನಾನು ಹೊಲಕ್ಕೆ ಹೋಗಬೇಕು" ಎಂದು ಕಾರ್ಯಕರ್ತನನ್ನು ಅವಸರಪಡಿಸಬೇಡಿ. ಹಾಗೆಯೇ ಅವನು ಕಾರ್ಡ್ ಕೇಳದೆ ಕೆಲಸ ಶುರುಮಾಡಿದರೆ "ಮೊದಲು ಕಾರ್ಡ್ ನೋಡಪ್ಪ" ಎಂದು ಹೇಳುವ ಹಕ್ಕು ನಿಮಗಿದೆ. ಹಾಳೆ ಗೋಡೆಯ ಮೇಲಿದ್ದರೆ ಹೀಗೆ ಕೇಳಲು ಸಂಕೋಚವಾಗುವುದಿಲ್ಲ, ಕೇಳಿಸಿಕೊಂಡವನಿಗೆ ಬೇಸರವೂ ಆಗುವುದಿಲ್ಲ.

ನಷ್ಟದ ಲೆಕ್ಕ

ಒಂದು ಬೆದೆ ತಪ್ಪಿದರೆ 21 ದಿನ ಹೋದಂತೆ. ಒಂದು ರಾಸಿನ ಮೇವು, ಹಿಂಡಿಗೆ ದಿನಕ್ಕೆ ನೂರು ರೂಪಾಯಿ ಎಂದು ಹಿಡಿದರೂ 2,100 ರೂಪಾಯಿ. ಮೂರು ಬೆದೆ ತಪ್ಪಿದರೆ 63 ದಿನ, 6,300 ರೂಪಾಯಿ. ಮುಂದಿನ ಕರು ಮತ್ತು ಹಾಲು ಅಷ್ಟೇ ದಿನ ಮುಂದಕ್ಕೆ ಹೋಗುವ ನಷ್ಟ ಬೇರೆ. ಇದರ ಮುಂದೆ ಒಂದು ಹಾಳೆ, ಒಂದು ಥರ್ಮಾಮೀಟರ್, ಒಂದು ಪುಸ್ತಕದ ಖರ್ಚು ಎಷ್ಟೆಂಬುದನ್ನು ನೀವೇ ಲೆಕ್ಕ ಹಾಕಿ.

ಕಾರ್ಯವಿಧಾನ ಬರೆದ ಮಾತ್ರಕ್ಕೆ ಎಲ್ಲ ರಾಸುಗಳೂ ಮೊದಲ ಸಲವೇ ಗಬ್ಬವಾಗುವುದಿಲ್ಲ. ಖನಿಜಾಂಶದ ಕೊರತೆ, ಗರ್ಭಕೋಶದ ಸೋಂಕು, ಬಿಸಿಲಿನ ತಾಪ ಇವೆಲ್ಲ ಇದ್ದೇ ಇವೆ. ಆದರೆ ಕ್ರಮ ಬರೆದಿದ್ದು ದಾಖಲೆಯೂ ಇದ್ದರೆ ದೋಷ ಎಲ್ಲಿದೆ ಎಂಬುದು ತಿಳಿಯುತ್ತದೆ, ಚಿಕಿತ್ಸೆ ಸುಲಭವಾಗುತ್ತದೆ.

ಮುಂದಿನ ಆಡಳಿತ ಮಂಡಳಿ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಬೇಕೆಂದು ಅಧ್ಯಕ್ಷರು ಮತ್ತು ಕಾರ್ಯದರ್ಶಿಯವರಲ್ಲಿ ವಿನಂತಿ. ಕರಡು ಹಾಳೆಯನ್ನು ವಿಸ್ತರಣಾಧಿಕಾರಿಗಳ ಭೇಟಿಯ ದಿನ ತೋರಿಸಿ, ತಿದ್ದುವುದಿದ್ದರೆ ನಿಮ್ಮ ಸಂಘದಲ್ಲೇ ಕುಳಿತು ತಿದ್ದೋಣ. ಆಕಳನ್ನು ಮಾರಬೇಕೆಂದು ಈಗಾಗಲೇ ಯೋಚಿಸುತ್ತಿರುವವರು ಸಂತೆಗೆ ಹೊರಡುವ ಮೊದಲು ಒಮ್ಮೆ ಗರ್ಭಕೋಶದ ಪರೀಕ್ಷೆ ಮಾಡಿಸಿ, ಸಂಘದ ಜಾಡಿಯ ಪುಸ್ತಕವನ್ನೂ ಕೇಳಿ ನೋಡಿ.